ಓದುಗರು ಕೇಳಿದ್ದು: ಒಲಿಯದವರಿಗಾಗಿ ಹಾಡುವ ಪೋರ್ಚುಗೀಸ್ ಹಾಡು

ಪೋರ್ಚುಗಲ್ಲಿನ ಫಾದು, ಬ್ರೆಜಿಲ್ಲಿನ ಬೋಸ ನೋವ ಹಾಡುಗಳಲ್ಲಿ ಒಮ್ಮುಖ ಪ್ರೀತಿ, ಕಾಯುವಿಕೆ ಹೇಗೆ ಬರುತ್ತದೆ ಎಂದು ಹೋದ ಸಂಚಿಕೆಯಲ್ಲಿ ಚಿಕ್ಕದಾಗಿ ಬರೆದಿದ್ದೆವು. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹಾಸನ, ಚಿಕ್ಕಮಗಳೂರು ಜಿಲ್ಲೆಗಳವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಫಾದು ಕೇಳಲು ಶುರು ಮಾಡಿದ್ದೇನೆ. ಒಂದು ಮಾತೂ ತಿಳಿಯದು, ಆದರೂ ಎದೆ ಭಾರವಾಗುತ್ತದೆ. ಒಂದು ಅನುಮಾನ: ಬೇರೆ ಬೇರೆ ಗಾಯಕಿಯರ, ಬೇರೆ ಬೇರೆ ಹೆಸರಿನ ಹಾಡುಗಳು ಒಂದೇ ಧಾಟಿಯಲ್ಲಿವೆ. ಒಬ್ಬರದನ್ನು ಇನ್ನೊಬ್ಬರು ಕದ್ದದ್ದೇ? (ಮೂಡಿಗೆರೆ)

ಉತ್ತರ: ಕದ್ದದ್ದಲ್ಲ, ಅಲ್ಲಿನ ಪದ್ಧತಿಯೇ ಅದು. ನಮ್ಮ ಹಳೆಯ ಭಜನೆ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ 'ಧಾಟಿ' ಎಂದು ಇನ್ನೊಂದು ಹಾಡಿನ ಮೊದಲ ಸಾಲು ಅಚ್ಚು ಹಾಕಿರುತ್ತಾರಲ್ಲ, ಅದೇ ಏರ್ಪಾಡು. ವ್ಯತ್ಯಾಸವೆಂದರೆ ಅಲ್ಲಿ ಧಾಟಿಗಳಿಗೇ ಸ್ವಂತ ಹೆಸರಿದೆ. ಸಾಂಪ್ರದಾಯಿಕ ಫಾದುವಿನಲ್ಲಿ ಅಂಥ ಧಾಟಿಗಳು ನೂರಕ್ಕೂ ಮಿಕ್ಕಿ ಇವೆ. ಅತಿ ಹಳೆಯವೆಂದು ಎಣಿಸುವ ಫಾದು ಮೆನೋರ್, ಫಾದು ಕುರ್ರಿದು, ಫಾದು ಮೊರಾರಿಯ ಎಂಬ ಮೂರಕ್ಕೆ ಕಟ್ಟಿದವರ ಹೆಸರಿಲ್ಲ. ಹಾಡುವವರು ತಮ್ಮ ಮನಸ್ಸಿಗೆ ಹಿಡಿದ ಪದ್ಯವನ್ನು ತಂದು ಅಳತೆಗೆ ಒಪ್ಪುವ ಧಾಟಿಗೆ ಹಾಕಿಕೊಳ್ಳುತ್ತಾರೆ. ಅಳತೆ ತಪ್ಪುವಂತಿಲ್ಲ. ನಾಲ್ಕು ಸಾಲಿನ ಪದ್ಯದ ಧಾಟಿಗೆ ಐದು ಸಾಲಿನದು ಕೂರುವುದಿಲ್ಲ. ಸಾಲಿಗೆ 7 ಅಕ್ಷರವಿದ್ದರೆ ಒಂದು ಧಾಟಿ, 10 ಇದ್ದರೆ ಬೇರೆಯದು. ಪಲ್ಲವಿಯಂತೆ ಮರಳಿ ಬರುವ ಭಾಗವಿದ್ದು, ಆ ಒಂದು ಹಾಡಿಗೆಂದೇ ಮಟ್ಟು ಹಾಕಿದ್ದರೆ ಅದು ಫಾದುವಿನ ಇನ್ನೊಂದು ಕವಲು.

ಕೇಳುವುದಕ್ಕೆ ಹೀಗೆ ಮಾಡಿ: ಫಾದು ಮೆನೋರ್ ಒಂದನ್ನೇ ಹಿಡಿದು ಮೂರು ಜನ ಹಾಡಿದ್ದನ್ನು ಒಂದಾದ ಮೇಲೊಂದು ಕೇಳಿ. ಹಿಂದಿನ ಗಿಟಾರು ಎರಡೇ ಸ್ವರಮೇಳಗಳ (ಕಾರ್ಡ್‌ಗಳ) ನಡುವೆ ಹೋಗಿ ಬರುತ್ತಿರುತ್ತದೆ, ಅದರಲ್ಲಿ ಹುಡುಕುವಂಥದ್ದೇನಿಲ್ಲ. ಸಾಲನ್ನು ಯಾರು ಎಲ್ಲಿ ತಡವಾಗಿ ಎತ್ತಿಕೊಂಡರು, ಯಾವ ಮಾತಿನ ಮೇಲೆ ನಿಂತರು ಎಂಬುದಕ್ಕೆ ಕಿವಿ ಕೊಡಿ. ಅಲ್ಫ್ರೇದು ಮರ್ಸನೈರು (1891–1982) ಅವರಿಂದ ಆರಂಭಿಸುವುದು ಒಳ್ಳೆಯದು. ವೃತ್ತಿಯಲ್ಲಿ ಬಡಗಿ, ಹಾಡುವಾಗಿನ ಹೆಸರೂ ಆ ಕಸುಬಿನದೇ. ದೊಡ್ಡ ದನಿಯಲ್ಲ, ಆದರೆ ಮಾತು ಮಾತೂ ಬಿಡಿಬಿಡಿಯಾಗಿ ಕೇಳುತ್ತದೆ. ಆಮೇಲೆ ಅಮಾಲಿಯ ರೊದ್ರಿಗೆಶ್ (1920–1999). ಸಂಗೀತಗಾರ ಅಲೇನ್ ಊಲ್ಮನ್ ಜೊತೆ ಸೇರಿ ಆಕೆ 1965ರಲ್ಲಿ 16ನೇ ಶತಮಾನದ ಮಹಾಕವಿ ಕಮೋಂಯ್ಶ್ ಪದ್ಯಗಳನ್ನು ಫಾದುವಿಗೆ ತಂದಾಗ ಲಿಸ್ಬನ್ನಿನಲ್ಲಿ ದೊಡ್ಡ ವಾದವೇ ಎದ್ದಿತು. ಆ ಕಮೋಂಯ್ಶ್ 1553ರಲ್ಲಿ ನಮ್ಮ ಪಕ್ಕದ ಗೋವಾಕ್ಕೆ ಬಂದಿಳಿದವನು. ಮೂರನೆಯದಾಗಿ ಕಾರ್ಲುಶ್ ದು ಕಾರ್ಮು (1939–2021) ಅವರನ್ನು ಕೇಳಿ.

ಪ್ರಶ್ನೆ: ನಾನು ಸುಗಮ ಸಂಗೀತ ಕಲಿಸುತ್ತೇನೆ. ನನ್ನ ಶಿಷ್ಯೆಯೊಬ್ಬಳು ಕಾಲೇಜಿನ ಕಾರ್ಯಕ್ರಮದಲ್ಲಿ ಫಾದು ಹಾಡುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಹಾರ್ಮೋನಿಯಂ, ತಬಲಾ, ಒಬ್ಬ ಗಿಟಾರ್ ಹುಡುಗ ಇದ್ದಾರೆ. ಅವಳದು ಐದೂವರೆ ಮನೆ ಶ್ರುತಿ. ಯಾವ ರಾಗಕ್ಕೆ ಹತ್ತಿರ, ಹೇಗೆ ಅಭ್ಯಾಸ ಮಾಡಿಸಲಿ? (ಹಾಸನ)

ಉತ್ತರ: ಮೊದಲು ತಬಲಾ ಕೈಬಿಡಿ. ಸಾಂಪ್ರದಾಯಿಕ ಫಾದುವಿಗೆ ತಾಳವಾದ್ಯವೇ ಇಲ್ಲ. ಎಣಿಕೆ ಕಾಯುವುದು ಗಿಟಾರಿನ ಮಂದ್ರ ತಂತಿಯ ಕೆಲಸ. ತಬಲಾ ಕೂತರೆ ಹಾಡುವವಳು ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಬರಲೇಬೇಕೆನಿಸುತ್ತದೆ, ಮುಂದೆ ಹೇಳುವ ಮುಖ್ಯ ಕೆಲಸವೇ ನಡೆಯುವುದಿಲ್ಲ. ಕೀಬೋರ್ಡಿನ ರಿದಂ ಕೂಡ ಬೇಡ. ಹಾರ್ಮೋನಿಯಂ ಮನೆಯ ಅಭ್ಯಾಸಕ್ಕೆ ಸಾಕು, ವೇದಿಕೆಗೆ ಗಿಟಾರ್ ಒಂದೇ ಇರಲಿ.

ಶ್ರುತಿ ಇಳಿಸಿ. ಫಾದು ಹಾಡುವ ಹೆಂಗಸರು ಎದೆಯ ದನಿಯಲ್ಲಿ, ಮಾತಿನ ಎತ್ತರಕ್ಕೆ ಹತ್ತಿರದಲ್ಲೇ ಹಾಡುತ್ತಾರೆ. ನಿಮ್ಮ ಶಿಷ್ಯೆ ಐದೂವರೆಯಲ್ಲಿ ತಾರಸ್ಥಾಯಿ ಮುಟ್ಟುವಾಗ ದನಿ ತೆಳ್ಳಗಾಗುತ್ತದೆ. ಐದಕ್ಕೆ, ಆಗದಿದ್ದರೆ ನಾಲ್ಕೂವರೆಗೆ ತನ್ನಿ. ಗಿಟಾರ್ ಹುಡುಗನಿಗೆ ಇ ಮೈನರ್ ಮತ್ತು ಬಿ ಸೆವೆನ್ ಹಿಡಿತ ಗೊತ್ತಿದ್ದರೆ ಸಾಕು: ಕ್ಯಾಪೊ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಚಿಮಟ) ಮೂರನೇ ಫ್ರೆಟ್ಟಿನಲ್ಲಿಟ್ಟರೆ ಐದು ಮನೆ, ಎರಡನೆಯದರಲ್ಲಿಟ್ಟರೆ ನಾಲ್ಕೂವರೆ. ಫಾದು ಮೆನೋರ್‌ಗೆ ಈ ಎರಡೇ ಸ್ವರಮೇಳಗಳು ಅಡಿಪಾಯ.

ಸ್ವರಗಳ ಲೆಕ್ಕದಲ್ಲಿ ಇದು ಕೀರವಾಣಿ: ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಶುದ್ಧ ಧೈವತ, ಕಾಕಲಿ ನಿಷಾದ. ಇಳಿಯುವಾಗ ಅಲ್ಲಲ್ಲಿ ಕೈಶಿಕಿ ನಿಷಾದ ಸೇರಿ ನಟಭೈರವಿಯ ನೆರಳು ಬೀಳಬಹುದು. ಆದರೆ ರಾಗವೆಂದು ಹಾಡಿಸಬೇಡಿ. ಕೀರವಾಣಿಯ ಗಾಂಧಾರಕ್ಕೆ ನಮ್ಮವರು ಕಂಪಿತ ಕೊಟ್ಟ ಕೂಡಲೇ ಗಿಟಾರಿನಲ್ಲಿ ಅಲುಗದೆ ನಿಂತ ಗಾಂಧಾರಕ್ಕೆ ಅದು ತಾಗಿ ಅಪಸ್ವರದ ಹಾಗೆ ಕೇಳುತ್ತದೆ. ಗಾಂಧಾರ, ನಿಷಾದ ಎರಡನ್ನೂ ನೇರವಾಗಿ ಹಿಡಿಸಿ. ಬಿ ಸೆವೆನ್ ಅಂದರೆ ಪಂಚಮ, ಕಾಕಲಿ ನಿಷಾದ, ರಿಷಭ, ಮಧ್ಯಮ ಒಟ್ಟಿಗೆ ನುಡಿಯುವ ಜಾಗ. ಅಲ್ಲಿ ಅವಳು ಷಡ್ಜದಲ್ಲಿ ನಿಂತುಬಿಟ್ಟರೆ ಕೇಡು. ಗಮಕದ ಆಸೆಯಿದ್ದರೆ ಸಾಲಿನ ಕೊನೆಯ ಮಾತಿನಲ್ಲಿ, ಮೂರು ನಾಲ್ಕು ಸ್ವರಗಳ ಒಂದು ಸಣ್ಣ ಸುತ್ತು. ಫಾದು ಹಾಡುವವರು ಮಾಡುವುದೂ ಅದನ್ನೇ, ಅದೂ ಪ್ರತಿ ಸಾಲಿಗಲ್ಲ.

ಇನ್ನು ಮುಖ್ಯ ಕೆಲಸ. ಈ ಹಾಡಿನ ಸಂಕಟ ದನಿಯ ಅಳುವಿನಲ್ಲಿಲ್ಲ, ಕಾಲದಲ್ಲಿದೆ. ಗಿಟಾರು ಹೊತ್ತಿಗೆ ಸರಿಯಾಗಿ ಹೋಗುತ್ತದೆ, ದನಿ ಹಿಂದೆ ಉಳಿಯುತ್ತದೆ, ಸಾಲಿನ ಕೊನೆಗೆ ಹೇಗೋ ಬಂದು ಸೇರುತ್ತದೆ. ಬಾರದವರಿಗಾಗಿ ಕಾದ ಅನುಭವವನ್ನು ಕೇಳುವವರ ಕಿವಿಗೆ ತಲುಪಿಸುವುದು ಈ ತಡ. ಅಭ್ಯಾಸ ಹೀಗಿರಲಿ. ಮೊದಲು ಗಿಟಾರಿನ ಮೇಲೆ ಪದ್ಯವನ್ನು ಹಾಡದೆ ಬರೀ ಹೇಳಿಸಿ, ಎಣಿಕೆಗೆ ಸರಿಯಾಗಿ. ಅದು ತಪ್ಪದೆ ಬಂದ ಮೇಲೆ ಅದೇ ಎಣಿಕೆಗೆ ಸ್ವರ ಹಾಕಿ ಹಾಡಿಸಿ. ಮೂರನೆಯದಾಗಿ, ಗಿಟಾರ್ ಹುಡುಗ ಏನೂ ಬದಲಿಸದೆ ನುಡಿಸುತ್ತಿರುವಾಗ ಅವಳು ಪ್ರತಿ ಸಾಲನ್ನು ಅರ್ಧ ಎಣಿಕೆ ತಡವಾಗಿ ಎತ್ತಿಕೊಳ್ಳಲಿ, ಆದರೆ ಸಾಲಿನ ಕೊನೆಯ ಒತ್ತಕ್ಷರ (ಒತ್ತಿ ಹೇಳುವ ಅಕ್ಷರ) ಮಾತ್ರ ಸ್ವರಮೇಳ ಬದಲಾಗುವ ಜಾಗಕ್ಕೇ ಬೀಳಲಿ. ಇಲ್ಲಿ ಎಡವುವುದು ಹೆಚ್ಚಾಗಿ ಗಿಟಾರಿನವನು. ಗಾಯಕಿ ತಡಮಾಡಿದಳೆಂದು ಅವನೂ ಕಾಯುತ್ತಾನೆ, ಇಬ್ಬರೂ ನಿಧಾನವಾಗಿ ಹಾಡು ಕುಸಿಯುತ್ತದೆ. ಅವನು ಕಾಯಬಾರದು ಎಂದು ಗಟ್ಟಿಯಾಗಿ ಹೇಳಿ.

ಬಿಕ್ಕುವುದು, ಮಾತು ಮಾತಿಗೂ ಉಸಿರು ಸೇರಿಸುವುದು, ಮೈಕಿಗೆ ಎಕೋ ತುಂಬುವುದು ಯಾವುದೂ ಬೇಡ. ಲಿಸ್ಬನ್ನಿನ ಫಾದು ಮನೆಗಳಲ್ಲಿ (ಊಟದ ಜೊತೆ ಫಾದು ಕೇಳಿಸುವ ಹೋಟೆಲುಗಳಲ್ಲಿ) ಹಾಡು ಶುರುವಾಗುವ ಮುಂಚೆ ದೀಪ ತಗ್ಗಿಸಿ, ಮಾತು ನಿಲ್ಲಿಸಲು ಹೇಳುತ್ತಾರೆ. ಊಟ ಬಡಿಸುವುದೂ ನಿಲ್ಲುತ್ತದೆ. ನಿಮ್ಮ ಕಾರ್ಯಕ್ರಮದ ನಿರೂಪಕರಿಂದ ಅಷ್ಟು ಮಾಡಿಸಿದರೆ ಅರ್ಧ ಕೆಲಸ ಆದ ಹಾಗೆ.

ಪ್ರಶ್ನೆ: ಪೋರ್ಚುಗೀಸ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಕಲಿಯಬಹುದೆ? ಅಂತರ್ಜಾಲದಲ್ಲಿ ನೋಡಿ ಬರೆದುಕೊಂಡದ್ದು ಹಾಡಿನಲ್ಲಿ ಕೇಳುವುದಕ್ಕೆ ಹೊಂದುತ್ತಲೇ ಇಲ್ಲ. (ಸಕಲೇಶಪುರ)

ಉತ್ತರ: ಬಹುದು, ಆದರೆ ಅಕ್ಷರ ನೋಡಿ ಬರೆದರೆ ಹೊಂದುವುದಿಲ್ಲ, ಕೇಳಿ ಬರೆಯಬೇಕು. ಲಿಸ್ಬನ್ನಿನ ಉಚ್ಚಾರದಲ್ಲಿ ಒತ್ತು ಬೀಳದ ಸ್ವರಗಳು ನುಂಗಿಹೋಗುತ್ತವೆ. ಒತ್ತಿಲ್ಲದ 'ಒ' ಬಹುಪಾಲು 'ಉ' ಆಗುತ್ತದೆ, ಕೊನೆಯ 'ಎ' ಕೇಳಿಸಿಯೂ ಕೇಳಿಸದಂತೆ ಹೋಗುತ್ತದೆ. ಪದದ ಕೊನೆಯ 'ಸ' ಸಾಮಾನ್ಯವಾಗಿ 'ಶ್'. ನಮ್ಮ 'ಚಾವಿ' ಪೋರ್ಚುಗೀಸರಿಂದ ಬಂದ ಮಾತು. ಅದನ್ನು ಅವರು ಈಗ 'ಶಾವ್' ಎನ್ನುತ್ತಾರೆ. ಬ್ರೆಜಿಲ್ಲಿನವರು ಸ್ವರಗಳನ್ನು ಬಾಯ್ತುಂಬ ಹೇಳುತ್ತಾರೆ, ಅವರಲ್ಲಿ ಹೆಚ್ಚಿನವರ ಬಾಯಲ್ಲಿ 'ದಿ' ಎಂಬುದು 'ಜಿ', 'ತಿ' ಎಂಬುದು 'ಚಿ'. ಫಾದು ಕಲಿಯುವಾಗ ಬ್ರೆಜಿಲ್ ಉಚ್ಚಾರದ ವಿಡಿಯೊ ನೋಡಿಕೊಂಡರೆ ಸಾಲಿನ ಅಕ್ಷರ ಹೆಚ್ಚಾಗಿ ಧಾಟಿಯಿಂದ ಹೊರಗೆ ಚೆಲ್ಲುತ್ತದೆ.

ಅಭ್ಯಾಸಕ್ಕೆಂದು ನಾಲ್ಕು ಸಾಲು ನಾವೇ ಕಟ್ಟಿದ್ದೇವೆ, ಲಿಸ್ಬನ್ ಉಚ್ಚಾರದಲ್ಲಿ:

ಫುಯ್ ಆ ಝನೇಲ ಶ್ಪೆರಾರ್
ಕೈಂ ನೂಂಕ ಪುರ್ ಮೀಂ ಪಸೋ
ದೈಶೈ ಅ ವೇಲಾ ಕೈಮಾರ್
ಸೋ ಅ ಸೇರ ಮ್ ಫಿಕೋ

ಅರ್ಥ: ನನ್ನ ಮುಂದೆ ಎಂದೂ ಹಾದುಹೋಗದವನನ್ನು ಕಾಯಲು ಕಿಟಕಿಗೆ ಹೋದೆ, ಮೇಣದ ಬತ್ತಿ ಉರಿಯಲು ಬಿಟ್ಟೆ, ನನಗುಳಿದದ್ದು ಮೇಣ ಮಾತ್ರ.

ಪೋರ್ಚುಗೀಸ್ ಛಂದಸ್ಸಿನಲ್ಲಿ ಸಾಲಿನ ಕೊನೆಯ ಒತ್ತಕ್ಷರದವರೆಗೆ ಮಾತ್ರ ಎಣಿಸುತ್ತಾರೆ, ಆಚೆಗೆ ಏನಿದ್ದರೂ ಲೆಕ್ಕಕ್ಕಿಲ್ಲ. ಮೊದಲ ಸಾಲನ್ನು ಬೆರಳಲ್ಲಿ ಎಣಿಸಿ: ಫುಯ್, ಆ, ಝ, ನೇ, ಲಶ್, ಪೆ, ರಾರ್. ಏಳು. ಬರಹದಲ್ಲಿ 'ಶ್ಪೆರಾರ್' ಹಿಂದೆ ಒಂದು 'ಎ' ಇದೆ, ನಾಲಗೆಯಲ್ಲಿ ಅದು ಕರಗಿ ಹಿಂದಿನ 'ಲ'ಕ್ಕೆ ಅಂಟಿಕೊಳ್ಳುತ್ತದೆ. ಮೂರನೆಯ ಸಾಲಿನಲ್ಲಿ 'ವೇಲ' ಮತ್ತು ಅದರ ಮುಂದಿನ 'ಅ' ಕೂಡಿ 'ವೇಲಾ' ಆಗಿದೆ. ನಮ್ಮ ಸವರ್ಣದೀರ್ಘ ಸಂಧಿಯ ಲೆಕ್ಕವೇ. ಇವನ್ನು ಬಿಡಿಸಿ ಹಾಡಿದರೆ ಎಂಟಾಗಿ ಧಾಟಿ ಕೆಡುತ್ತದೆ. 'ಝ' ಎಂದು ಬರೆದದ್ದು ನಮ್ಮ ಝ ಅಲ್ಲ: 'ಶ್' ಎಂದು ಉದ್ದಕ್ಕೆ ಹೇಳುತ್ತ ಗಂಟಲು ನಡುಗಿಸಿ, ಬರುವ ದನಿ ಅದು. 'ಕೈಂ', 'ಮೀಂ'ಗಳಲ್ಲಿ ತುಟಿ ಮುಚ್ಚಿ 'ಮ್' ಅನ್ನಬಾರದು, ಸ್ವರವನ್ನೇ ಮೂಗಿಗೆ ಬಿಡಬೇಕು. ಕನ್ನಡಿಗರು ಹೆಚ್ಚು ತಪ್ಪುವುದು ಇಲ್ಲೇ. ತುಟಿ ಮುಚ್ಚಿದರೆ ಉದ್ದ ಸ್ವರ ಎಳೆಯಲು ಆಗುವುದಿಲ್ಲ, ಹಾಡು ಅಲ್ಲಲ್ಲೇ ಕಡಿಯುತ್ತದೆ.

ಹಾಡುವಾಗ ಸಾಮಾನ್ಯವಾಗಿ ಮೊದಲೆರಡು ಸಾಲು ಹಾಡಿ ಅವನ್ನೇ ಮತ್ತೊಮ್ಮೆ, ಆಮೇಲೆ ಕೊನೆಯೆರಡು ಸಾಲು, ಅವೂ ಮತ್ತೊಮ್ಮೆ. ಎರಡನೆಯ ಸಲ ಹಾಡುವಾಗ ಧಾಟಿಯನ್ನು ಸ್ವಲ್ಪ ಬಾಗಿಸುವ ಸ್ವಾತಂತ್ರ್ಯ ಹಾಡುವವರದು. ಅದೂ ಇಲ್ಲದೆ ಎರಡು ಸಲವೂ ಒಂದೇ ಥರ ಹಾಡಿದರೆ ಫಾದು ಬಲ್ಲವರು ಮೆಚ್ಚುವುದಿಲ್ಲ.

ಪ್ರಶ್ನೆ: ತೋಟದ ಮನೆಯಲ್ಲಿ ಸಂಜೆ ಇಪನೇಮದ ಹುಡುಗಿಯ ಹಾಡು ಹಾಕುತ್ತೇವೆ. ಎಷ್ಟು ಹಗುರ, ಎಷ್ಟು ಹಿತ. ಅದನ್ನು ಒಮ್ಮುಖ ಪ್ರೀತಿಯ ಹಾಡಿನ ಪಟ್ಟಿಗೆ ಸೇರಿಸಿದ್ದೀರಲ್ಲ? (ಚಿಕ್ಕಮಗಳೂರು)

ಉತ್ತರ: ಸೇರಿಸಲೇಬೇಕು. 'ಗರೋತ ಜಿ ಇಪನೇಮ' (ಇಪನೇಮದ ಹುಡುಗಿ) 1962ರ ಬೋಸ ನೋವ ಹಾಡು. ಸಂಗೀತ ಟೊಮ್ ಜೊಬಿಂ, ಸಾಹಿತ್ಯ ವಿನೀಸಿಯುಸ್ ಜಿ ಮೊರಾಯಿಸ್. ಜಗತ್ತಿಗೆ ಅದನ್ನು ಹರಡಿದ್ದು 1964ರಲ್ಲಿ ಬಂದ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಸ್ಟಾನ್ ಗೆಟ್ಜ್ ಮತ್ತು ಬ್ರೆಜಿಲ್ಲಿನ ಗಾಯಕ ಜುವಾಂವ್ ಜಿಲ್ಬೆರ್ತು ಅವರ ಗಾನತಟ್ಟೆ. ಆ ತಟ್ಟೆಯಲ್ಲಿ ಜುವಾಂವ್ ಮೊದಲು ಪೋರ್ಚುಗೀಸಿನಲ್ಲಿ, ಆಮೇಲೆ ಅಸ್ತ್ರೂದ್ ಜಿಲ್ಬೆರ್ತು ಇಂಗ್ಲಿಷಿನಲ್ಲಿ ಹಾಡುತ್ತಾರೆ. ರೇಡಿಯೊಗೆಂದು ತೆಗೆದ ಚಿಕ್ಕ ಆವೃತ್ತಿಯಲ್ಲಿ ಪೋರ್ಚುಗೀಸ್ ಭಾಗವನ್ನೇ ಕತ್ತರಿಸಿದರು. ನೀವು ಹಾಕುವುದು ಆ ಕತ್ತರಿಸಿದ್ದೇ ಆಗಿದ್ದರೆ, ಇಡೀ ಹಾಡನ್ನು ಹುಡುಕಿ ಕೇಳಿ.

ಮೊದಲ ಭಾಗ ಸಮುದ್ರದ ಕಡೆಗೆ ನಡೆದುಹೋಗುವ ಹುಡುಗಿಯ ಚೆಲುವಿನ ವರ್ಣನೆ. ಎಂಟೆಂಟು ಬಾರಿನ (ಬಾರ್ ಎಂದರೆ ನಮ್ಮ ಆವರ್ತದಂಥ ತಾಳದ ಅಳತೆ) ಎರಡು ಸುತ್ತು, ಸ್ವರ ಇದ್ದಲ್ಲೇ ತೂಗುತ್ತಿರುತ್ತದೆ. ಬಳಿಕ ನಡುವಿನ 16 ಬಾರುಗಳು ಬರುತ್ತವೆ, ನೋವು ಇರುವುದು ಅಲ್ಲಿ. ಅಚ್ಚಾದ ಪುಸ್ತಕಗಳಲ್ಲಿ ಹಾಡು ಸಾಮಾನ್ಯವಾಗಿ ಎಫ್‌ನಲ್ಲಿರುತ್ತದೆ, ನಮ್ಮ ನಾಲ್ಕು ಮನೆ. ನಡುಭಾಗ ಶುರುವಾಗುತ್ತಲೇ ನೆಲೆಯೇ ನಾಲ್ಕೂವರೆಗೆ ಜಾರುತ್ತದೆ. ಅಲ್ಲಿ ಒಂದು ನಿಟ್ಟುಸಿರಿನಂಥ ಸಾಲು, ಅದೇ ಸಾಲು ಇನ್ನೂ ಮೇಲಿನ ಸ್ವರದಲ್ಲಿ, ಮೂರನೆಯ ಸಲ ಮತ್ತೂ ಮೇಲೆ. ಪೋರ್ಚುಗೀಸ್ ಸಾಹಿತ್ಯ ಅಲ್ಲಿ ತನ್ನ ಒಂಟಿತನವನ್ನು ಕೇಳಿಕೊಳ್ಳುತ್ತದೆ. ಆಮೇಲೆ ಏನೂ ಆಗಿಲ್ಲವೆಂಬಂತೆ ಹಳೆಯ ಶ್ರುತಿಗೆ, ಹಳೆಯ ತೂಗಿಗೆ ಮರಳುತ್ತದೆ. ಹುಡುಗಿ ತಿರುಗಿ ನೋಡಿಲ್ಲ. ಜುವಾಂವ್ ಈ ಏರನ್ನು ದನಿ ಏರಿಸದೆ, ಕಂಪನವಿಲ್ಲದೆ, ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟು ಮೆಲ್ಲಗೆ ದಾಟುತ್ತಾರೆ. ಹಾಡುವವರು ಗಂಟಲೆತ್ತಿದರೆ ಅದು ಬೇರೆಯೇ ಹಾಡಾಗುತ್ತದೆ.

ಜೊಬಿಂ, ಮೊರಾಯಿಸ್ ಜೋಡಿಯದೇ ಆದ 'ಶೇಗ ಜಿ ಸೌದಾಜಿ'ಯನ್ನೂ (ಹಂಬಲ ಸಾಕು) ಕೇಳಿ, ಜುವಾಂವ್ ಅದನ್ನು ಮುದ್ರಿಸಿದ್ದು 1958ರಲ್ಲಿ. ಅವಳು ಬಿಟ್ಟುಹೋದ ಮೊದಲರ್ಧ ಸಾಧಾರಣ ಗಾಂಧಾರದಲ್ಲಿದೆ. ಅವಳು ಮರಳಿ ಬಂದರೆ ಎಂದು ಮನಸ್ಸು ಕಲ್ಪಿಸಿಕೊಳ್ಳುವ ಕಡೆ ಷಡ್ಜ ಅದೇ ಇದ್ದು ಗಾಂಧಾರ ಮಾತ್ರ ಒಂದು ಮೆಟ್ಟಿಲು ಮೇಲಿನ ಅಂತರ ಗಾಂಧಾರವಾಗುತ್ತದೆ. ಸಂಗೀತ ಬಲ್ಲ ಕಿವಿಗೆ ಆ ಒಂದು ಸ್ವರದ ಬದಲಾವಣೆ ಮೈ ನವಿರೇಳಿಸುತ್ತದೆ.

ಪ್ರಶ್ನೆ: ಬರಿಗಾಲಲ್ಲಿ ಹಾಡುತ್ತಿದ್ದ ಸೆಸಾರಿಯ ಎವೋರ ಅವರ ಹಾಡುಗಳೂ ಪೋರ್ಚುಗೀಸೇ? (ತರೀಕೆರೆ)

ಉತ್ತರ: ಹೆಚ್ಚಿನವು ಅಲ್ಲ. ಅವರು (1941–2011) ಹಾಡಿದ್ದು ಹೆಚ್ಚಾಗಿ ಕೇಪ್ ವರ್ಡ್ ದ್ವೀಪಗಳ ಕ್ರಿಯೋಲಿನಲ್ಲಿ. ಅದು ಪೋರ್ಚುಗೀಸಿನಿಂದ ಹುಟ್ಟಿ ಬೇರೆಯಾಗಿ ಬೆಳೆದ ಭಾಷೆ. ಹಾಡಿನ ಬಗೆ ಮೊರ್ನ. ಅಲ್ಲಿ ಹಂಬಲ ಹೆಚ್ಚಾಗಿ ಊರು ಬಿಟ್ಟು ದುಡಿಯಲು ಹೋದವರದು. ಯುನೆಸ್ಕೊ ಪರಂಪರೆಯ ಪಟ್ಟಿಗೆ ಫಾದು 2011ರಲ್ಲೂ ಮೊರ್ನ 2019ರಲ್ಲೂ ಸೇರಿವೆ.

ಪ್ರಶ್ನೆ: ಈ ಹಾಡುಗಳಲ್ಲಿ ಕಾಯುವವಳು ಯಾವಾಗಲೂ ಹೆಣ್ಣೇ ಏಕೆ? ಇದರ ಬೇರು ಎಷ್ಟು ಹಳೆಯದು? (ಬೇಲೂರು)

ಉತ್ತರ: ಯಾವಾಗಲೂ ಅಲ್ಲ. ಕೊಯಿಂಬ್ರ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ ಫಾದು ಸಂಪ್ರದಾಯದಂತೆ ಗಂಡಸರದೇ: ಕಪ್ಪು ನಿಲುವಂಗಿ ಹೊದ್ದ ವಿದ್ಯಾರ್ಥಿಗಳು ರಾತ್ರಿ ಹುಡುಗಿಯ ಕಿಟಕಿಯ ಕೆಳಗೆ ನಿಂತು ಹಾಡುವುದು. ಅಲ್ಲಿ ಮೆಚ್ಚುಗೆಗೆ ಚಪ್ಪಾಳೆ ತಟ್ಟದೆ ಗಂಟಲು ಸರಿಮಾಡಿಕೊಳ್ಳುವಂತೆ ಕೆಮ್ಮುವ ರೂಢಿಯಿದೆ.

ಆದರೆ ನಿಮ್ಮ ಅಂದಾಜಿಗೂ ಆಧಾರವಿದೆ. ಫಾದು 19ನೇ ಶತಮಾನದ್ದಾದರೂ, ಪೋರ್ಚುಗಲ್ ಮತ್ತು ಅದರ ಬಡಗಣ ಗಲೀಸಿಯದ ಹಳೆಯ ಭಾಷೆಯಲ್ಲಿ 13ನೇ ಶತಮಾನಕ್ಕೇ ಹೆಣ್ಣುದನಿಯ ವಿರಹಗೀತೆಗಳ ದೊಡ್ಡ ರಾಶಿಯಿದೆ. ಅವಕ್ಕೆ ಕಾಂತೀಗ ದಿ ಅಮೀಗು ಎನ್ನುತ್ತಾರೆ. ಬರೆದವರು ಗಂಡಸರು, ರಾಜ ದಿನಿಶ್ (1261–1325) ಕೂಡ ಅವರಲ್ಲೊಬ್ಬ. ಗಂಡು ಕವಿ ಹೆಣ್ಣಾಗಿ ಕಾಯುವುದು ವಚನ, ಕೀರ್ತನೆ ಓದಿದ ನಮಗೆ ಹೊಸದಲ್ಲ. ಅಲ್ಲಿ ಕಾಯುವುದು ದೇವರನ್ನಲ್ಲ, ಮಾತು ಕೊಟ್ಟು ಬಾರದ ಗೆಳೆಯನನ್ನು. ಮಾರ್ತಿನ್ ಕೊದಾಶ್ ಎಂಬ ಕವಿಯ ಏಳು ಹಾಡುಗಳಲ್ಲಿ ಹುಡುಗಿ ವೀಗು ಊರಿನ ಕಡಲ ತೆರೆಗಳನ್ನೇ ಗೆಳೆಯನ ಸುದ್ದಿ ಕೇಳುತ್ತಾಳೆ. ಇವು ಸ್ವರಲಿಪಿಯೊಂದಿಗೆ ಉಳಿದದ್ದೇ ಒಂದು ಪುಣ್ಯ: ಆ ಚರ್ಮದ ಹಾಳೆಯನ್ನು ಯಾರೋ ಇನ್ನೊಂದು ಪುಸ್ತಕಕ್ಕೆ ಹೊದಿಕೆ ಮಾಡಿದ್ದರು. 1914ರಲ್ಲಿ ಮ್ಯಾಡ್ರಿಡ್ಡಿನ ಪುಸ್ತಕ ವ್ಯಾಪಾರಿ ವಿಂದೆಲ್ ಕಣ್ಣಿಗೆ ಬಿತ್ತು. ಏಳರಲ್ಲಿ ಆರಕ್ಕೆ ಸ್ವರವಿದೆ. ಈಗ ಅದು ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿದೆ.

ಕಟ್ಟಿದ ಬಗೆ ನೋಡಿ. ಎರಡು ಸಾಲು, ಒಂದು ಸೊಲ್ಲು. ಮುಂದಿನ ನುಡಿಯಲ್ಲಿ ಅದೇ ಎರಡು ಸಾಲು, ಕೊನೆಯ ಪದ ಮಾತ್ರ ಬೇರೆ. ಮೂರನೆಯ ನುಡಿ ಮೊದಲನೆಯದರ ಎರಡನೇ ಸಾಲಿನಿಂದ ಶುರುವಾಗಿ ಒಂದೇ ಒಂದು ಹೊಸ ಸಾಲು ಸೇರಿಸುತ್ತದೆ. ಹೀಗಾಗಿ ಕತೆ ಮುಂದೆ ಹೋಗುವುದೇ ಇಲ್ಲ ಅನ್ನುವಷ್ಟು ನಿಧಾನ. ಹುಡುಗಿ ಇದ್ದಲ್ಲೇ ಇದ್ದಾಳೆ, ಪ್ರಶ್ನೆ ಅದೇ, ತೆರೆ ಮಾತ್ರ ಬಂದು ಹೋಗುತ್ತದೆ. ರಾಗಿ ಬೀಸುವ ಪದಗಳಲ್ಲಿ ಸಾಲು ಮರಳಿ ಮರಳಿ ಬರುವುದನ್ನು ಕೇಳಿದವರಿಗೆ ಇದು ಬೇಗ ಒಲಿಯುತ್ತದೆ.

ಪ್ರಶ್ನೆ: ಒಬ್ಬರ ಮೇಲೆ ಮನಸ್ಸಾಗಿದೆ, ಅವರಿಗೆ ನನ್ನ ಮೇಲೆ ಇಲ್ಲ. ಹಾಸ್ಟೆಲ್ಲಿನಲ್ಲಿ ರಾತ್ರಿಯೆಲ್ಲ ಇಯರ್‌ಫೋನಿನಲ್ಲಿ ಒಂದೇ ಫಾದು ಕೇಳುತ್ತೇನೆ. ನಿಲ್ಲಿಸಬೇಕೆ? (ಕಡೂರು)

ಉತ್ತರ: ಕೇಳುವುದನ್ನು ನಿಲ್ಲಿಸಬೇಡಿ, ಕೇಳುವ ರೀತಿ ಬದಲಿಸಿ. ಫಾದು ಮನೆಗಳಲ್ಲಿ ಒಬ್ಬರು ಕೆಲವೇ ಹಾಡು ಹಾಡಿ ಇಳಿಯುತ್ತಾರೆ, ದೀಪ ಬರುತ್ತದೆ, ಜನ ಮಾತಾಡುತ್ತಾರೆ, ಊಟ ಮಾಡುತ್ತಾರೆ, ಆಮೇಲೆ ಇನ್ನೊಬ್ಬರು ಹಾಡುತ್ತಾರೆ. ನಿಧಾನದ ಮೆನೋರ್ ಜೊತೆಗೆ ಚುರುಕಾದ ಕುರ್ರಿದು ಇದ್ದೇ ಇರುತ್ತದೆ. ಅದು ಶುದ್ಧ ಶಂಕರಾಭರಣದ ಸ್ವರಗಳು, ಓಡುವ ನಡೆ. ಒಂದೇ ಹಾಡನ್ನು ಕತ್ತಲಲ್ಲಿ ಒಬ್ಬರೇ ತಿರುಗಿಸಿ ತಿರುಗಿಸಿ ಕೇಳಲು ಈ ಸಂಗೀತ ಹುಟ್ಟಿದ್ದಲ್ಲ, ಹತ್ತು ಜನರ ನಡುವೆ ಕೂತು ಕೇಳಲು ಹುಟ್ಟಿದ್ದು. ಕೋಣೆಯ ಗೆಳತಿಯನ್ನೂ ಕೂರಿಸಿಕೊಂಡು ಸ್ಪೀಕರಿನಲ್ಲಿ ಹಾಕಿ, ಒಂದು ಮೆನೋರ್ ಆದ ಮೇಲೆ ಒಂದು ಕುರ್ರಿದು. ನಿದ್ದೆ, ಊಟ, ಓದು ಕೆಟ್ಟು ವಾರಗಳಾಗಿದ್ದರೆ ಮನೆಯವರಿಗೋ ಕಾಲೇಜಿನ ಆಪ್ತಸಮಾಲೋಚಕರಿಗೋ ಹೇಳಿಕೊಳ್ಳಿ, ಅದರಲ್ಲಿ ಸಣ್ಣತನವೇನಿಲ್ಲ.

ಪ್ರಶ್ನೆ: ಪೋರ್ಚುಗೀಸ್ ಗಿಟಾರಿನ ಆ ಮಿನುಗುವ ನಾದ ಇಲ್ಲಿನ ಯಾವ ವಾದ್ಯದಲ್ಲಿ ಬರುತ್ತದೆ? ಮಲೆನಾಡಿನ ಮಳೆಯಲ್ಲಿ ಅಂಥ ವಾದ್ಯ ಉಳಿಯುತ್ತದೆಯೇ? (ಕೊಪ್ಪ)

ಉತ್ತರ: ಆ ಗಿಟಾರಿಗೆ 12 ಉಕ್ಕಿನ ತಂತಿ, ಎರಡೆರಡರಂತೆ ಆರು ಜೋಡಿ. ಮೇಲಿನ ಮೂರು ಜೋಡಿಗಳಲ್ಲಿ ಎರಡೂ ತಂತಿ ಒಂದೇ ಸ್ವರ, ಕೆಳಗಿನ ಮೂರರಲ್ಲಿ ಒಂದಕ್ಕೊಂದು ಒಂದು ಸ್ಥಾಯಿ ಅಂತರ. ಲಿಸ್ಬನ್ ಶ್ರುತಿ ಮೇಲಿನಿಂದ ಕೆಳಗೆ ಬಿ, ಎ, ಇ, ಬಿ, ಎ, ಡಿ. ಕೊಯಿಂಬ್ರದ್ದು ಇದಕ್ಕಿಂತ ಪೂರ್ತಿ ಒಂದು ಮನೆ ಕೆಳಗೆ. ಹೆಬ್ಬೆರಳು, ತೋರುಬೆರಳಿಗೆ ಕೃತಕ ಉಗುರು ಕಟ್ಟಿಕೊಂಡು ನುಡಿಸುತ್ತಾರೆ, ತೋರುಬೆರಳೊಂದೇ ಮೇಲೆ ಕೆಳಗೆ ಎರಡೂ ಕಡೆ ಮೀಟುವುದು ಅದರ ವಿಶೇಷ.

ಇಲ್ಲಿ ಸಿಗುವುದರಲ್ಲಿ ಎಂಟು ತಂತಿಯ ಮ್ಯಾಂಡೊಲಿನ್ ಹತ್ತಿರ. 12 ತಂತಿಯ ಸಾಮಾನ್ಯ ಗಿಟಾರಿದ್ದರೆ ಏಳನೇ ಫ್ರೆಟ್ಟಿಗೆ ಕ್ಯಾಪೊ ಹಾಕಿ, ಮೇಲಿನ ತಂತಿ ಲಿಸ್ಬನ್ ಗಿಟಾರಿನ 'ಬಿ'ಗೇ ಬರುತ್ತದೆ. ಯಾವುದಾದರೂ ಸರಿ, ಹಾಡುವವರ ಮಾತಿನ ಮೇಲೆ ನುಡಿಸಬೇಡಿ. ಸಾಲು ಮುಗಿದ ಸಂದಿಯಲ್ಲಿ ಉತ್ತರ ಕೊಡುವುದಷ್ಟೇ ಅದರ ಪಾಲು. ಮ್ಯಾಂಡೊಲಿನ್ ಕಲಿತವರು ಎಡೆಬಿಡದೆ ತಂತಿ ನಡುಗಿಸುತ್ತಾರೆ, ಅದನ್ನು ಸಾಲಿನ ಕೊನೆಗಷ್ಟೇ ಇಟ್ಟುಕೊಳ್ಳಿ.

ಮಳೆಗಾಲಕ್ಕೆ: ನುಡಿಸಿದ ಮೇಲೆ ತಂತಿಯನ್ನು ಒಣಬಟ್ಟೆಯಿಂದ ಒಂದೊಂದಾಗಿ, ಅಡಿಯಿಂದಲೂ ಒರೆಸಿ. ಗೋಡೆಗೆ ತೂಗುಹಾಕಬೇಡಿ, ಗಟ್ಟಿ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಬಣ್ಣ ಬದಲಿಸುವ ಜೆಲ್ ಆದರೆ ಬಣ್ಣ ಬದಲಾದಾಗ ಜೆಲ್ಲನ್ನು ಹೊರತೆಗೆದು ಬಿಸಿಮಾಡಿ ಮತ್ತೆ ಬಳಸಿ. ಒಲೆಯ ಅಟ್ಟದ ಮೇಲೆ ಬೆಚ್ಚಗಿರಲೆಂದು ಇಡುವುದು ತೇವಕ್ಕಿಂತ ಕೆಟ್ಟದ್ದು, ಅಂಟು ಬಿಡುತ್ತದೆ. ತಿಂಗಳುಗಟ್ಟಲೆ ಮುಟ್ಟುವುದಿಲ್ಲವಾದರೆ ತಂತಿಯನ್ನು ಒಂದು ಮನೆಯಷ್ಟು ಸಡಿಲಿಸಿಡಿ.

ಪ್ರಶ್ನೆ: ಫಾದು ಧಾಟಿಗೆ ಕನ್ನಡ ಪದ್ಯ ಕೂರಿಸಲು ನೋಡಿದೆ. ಅರ್ಥ ಬಂದರೂ ಸಾಲಿನ ಕೊನೆ ಸಪ್ಪೆಯಾಗುತ್ತದೆ, ಎಣಿಕೆಯೂ ಕೈ ತಪ್ಪುತ್ತದೆ. (ಹೊಳೆನರಸೀಪುರ)

ಉತ್ತರ: ಕೊನೆ ಸಪ್ಪೆಯಾಗುವುದಕ್ಕೆ ಕಾರಣ ಸ್ಪಷ್ಟ. ಮೇಲಿನ ಪೋರ್ಚುಗೀಸ್ ಪದ್ಯದ ಸಾಲುಗಳು 'ರಾರ್', 'ಸೋ', 'ಮಾರ್', 'ಕೋ' ಎಂದು ಒತ್ತಕ್ಷರದಲ್ಲಿ ನಿಲ್ಲುತ್ತವೆ. ಕನ್ನಡದಲ್ಲಿ ಒತ್ತು ಪದದ ತಲೆಗೆ, ಬಾಲದಲ್ಲಿ 'ನು', 'ದು', 'ವು' ಎಂಬ ಲಘುಗಳು. ಅವುಗಳ ಮೇಲೆ ಸ್ವರ ಎಳೆದರೆ ಯಾರೂ ಒಪ್ಪುವುದಿಲ್ಲ. ಸಾಲನ್ನು ದೀರ್ಘದಲ್ಲಿ ಮುಗಿಸಿ. ಕರೆಯುವ 'ಓ', ಒತ್ತಿ ಹೇಳುವ 'ಏ' ನಮ್ಮಲ್ಲಿ ಬೇಕಾದಷ್ಟಿವೆ. ಆ ನಾಲ್ಕು ಸಾಲನ್ನೇ ಕನ್ನಡಕ್ಕೆ ಹೀಗೆ ಕೂರಿಸಬಹುದು:

ಕಿಟಕಿಯಲಿ ನಾ ಕಾದೆನೋ
ಬಳಿಗೆ ಬಾರದ ನಿನ್ನನೇ
ಬತ್ತಿ ಉರಿಯಲು ಬಿಟ್ಟೆನೋ
ಉಳಿದುದೊಂದೇ ಮೇಣವೇ

ಮಾತ್ರೆ ಎಣಿಸಿ: ಮೂರು, ನಾಲ್ಕು, ಮೂರು, ಎರಡು. ಕೊನೆಯ ದೀರ್ಘವನ್ನು ಇನ್ನೆರಡು ಮಾತ್ರೆ ಎಳೆದರೆ ಮೂರು-ನಾಲ್ಕು-ಮೂರು-ನಾಲ್ಕು, ಕುಮಾರವ್ಯಾಸ ಓದುವ ಊರುಗಳಲ್ಲಿ ಎಲ್ಲರ ಕಿವಿಯಲ್ಲಿರುವ ಭಾಮಿನಿಯ ನಡೆ. ನಿಮ್ಮ ಎಣಿಕೆ ತಪ್ಪಿದ್ದೂ ಬಹುಶಃ ಇಂಥ ಕಡೆಯೇ. ನಮ್ಮ ನಡೆ ಏಳರದು, ಗಿಟಾರು ನಾಲ್ಕರಲ್ಲಿ ಹೋಗುತ್ತದೆ. ಮೊದಲ ಸಾಲು ಮುಗಿಯುವಷ್ಟರಲ್ಲಿ ಎರಡು ಮಾತ್ರೆ ಕೊರತೆ ಬಿದ್ದು ಎರಡನೆಯದು ಮುಂಚೆಯೇ ಬಂದುಬಿಡುತ್ತದೆ.

ಪದ್ಯ ಬದಲಿಸಬೇಡಿ. ಮೂರು ಮಾತ್ರೆಯ ಪ್ರತಿ ಗಣದ ಮುಂದೆ ಒಂದು ಮಾತ್ರೆ ಸುಮ್ಮನಿರಿ: ಬಿಡುವು-ಕಿಟಕಿ, ಯಲಿ ನಾ, ಬಿಡುವು-ಕಾದೆ, ನೋ. ಈಗ ನಾಲ್ಕು ನಾಲ್ಕಲಿ ಹದಿನಾರು, ಗಿಟಾರಿಗೆ ಸರಿಹೋಯಿತು. ಹಾಸನದ ಶಿಕ್ಷಕಿಗೆ ಹೇಳಿದ ತಡವಾದ ಎತ್ತುಗಡೆಯೂ ಪದ್ಯದೊಳಗೇ ಸೇರಿತು. ಸಾಲಿನ ಕೊನೆಯ 'ನೋ', 'ನೇ' ಸ್ವರಮೇಳ ಬದಲಾಗುವ ಎಣಿಕೆಯ ಮೇಲೆಯೇ ಬೀಳುವಂತೆ ನೋಡಿಕೊಳ್ಳಿ. ಬಿಡುವಿನ ಮಾತ್ರೆಯಲ್ಲಿ 'ಆ' ಎಂದೋ 'ಹೂಂ' ಎಂದೋ ತುಂಬುವ ಚಾಳಿ ಸುಗಮ ಸಂಗೀತದವರಲ್ಲಿದೆ. ಆ ಜಾಗ ಖಾಲಿ ಬಿಡಿ. ಆದಿಪ್ರಾಸಕ್ಕೆ ಕಟ್ಟುಬೀಳುವ ಅಗತ್ಯವಿಲ್ಲ, ಈ ಧಾಟಿಯಲ್ಲಿ ಕಿವಿ ಹುಡುಕುವುದು ಒಂದು ಮತ್ತು ಮೂರನೆಯ ಸಾಲಿನ, ಎರಡು ಮತ್ತು ನಾಲ್ಕನೆಯ ಸಾಲಿನ ಕೊನೆಯ ಹೊಂದಿಕೆಯನ್ನು.